ತಿರುಚದ ಹರಳು

ಕರಗಿಸಿದ ಪುಡಿ ಆರುವಾಗ ಕೆಲವು ಹರಳುಗಳು ಯಾಕೆ ತಿರುಚಿಕೊಂಡು ಬೆಳೆಯುತ್ತವೆ ಎಂಬುದು ಚಂಪಕಳ ಸಂಶೋಧನೆ. ಆದರೆ ಎರಡು ವರ್ಷದಿಂದ ಅವಳ ಗಾಜಿನ ತಟ್ಟೆಯಲ್ಲಿ ಒಂದು ಹರಳೂ ತಿರುಚಿರಲಿಲ್ಲ. ಎಲ್ಲವೂ ಪೊರಕೆ ಕಡ್ಡಿಯಂತೆ ನೆಟ್ಟಗೆ. ದಸರೆಯೊಳಗೆ ತಿರುಚದಿದ್ದರೆ ಈ ಕೆಲಸ ಬಿಟ್ಟು ಬೇರೆ ವಿಷಯ ಹಿಡಿಯಬೇಕೆಂದು ಅವಳಿಗೆ ಮಾರ್ಗದರ್ಶನ ಮಾಡುವ ಮೇಷ್ಟ್ರು ಹೇಳಿಯಾಗಿತ್ತು.

ಆಯುಧಪೂಜೆಗೆ ಸೂಕ್ಷ್ಮದರ್ಶಕವನ್ನೂ ಪೂಜಿಸೋಣವೆಂದು ಚಂಪಕ ಕೇಳಿದಾಗ ಅವರು ನಕ್ಕುಬಿಟ್ಟಿದ್ದರು. "ಹರಳೇನು ಎತ್ತೇನಮ್ಮ, ಪೂಜೆ ಮಾಡಿದ್ರೆ ಮಾತು ಕೇಳೋಕೆ? ಲ್ಯಾಬಿಗೆ ಅರಿಶಿನ ಕುಂಕುಮ ತಂದೀಯೆ, ಜೋಕೆ!"

ಹಬ್ಬದ ಮರುದಿನ ಬಂದು ನೋಡಿದರೆ, ಆರಲು ಬಿಟ್ಟಿದ್ದ ತಟ್ಟೆಯ ತುಂಬ ಹರಳುಗಳು ಹೊಸೆದ ಬತ್ತಿಯಂತೆ ತಿರುಚಿಕೊಂಡಿದ್ದವು.

"ಸಾರ್, ಬೇಗ ಬನ್ನಿ!"

ಮೇಷ್ಟ್ರು ಕಣ್ಣಿಟ್ಟು ನೋಡಿದರು. ಕುಣಿಯುವುದೊಂದು ಬಾಕಿ.

"ಆದ್ರೆ ಸಾರ್, ಒಳಗೆ ಹಳದಿ ಐತೆ. ಯಾರೋ ಅರಿಶಿನ ಉದುರಿಸವ್ರೆ. ನಾನಲ್ಲ, ನಮ್ಮವ್ವನಾಣೆಗೂ!"

"ಅದೇ ಕಣಮ್ಮ ಕಾರಣ! ಸಾಲಾಗಿ ಕೂರೋ ಅಣುಗಳ ಮಧ್ಯೆ ಹೊರಗಿನದೊಂದು ತೂರಿದ್ರೆ ಒಳಗೊಳಗೇ ಬಿಗಿ. ಆ ಬಿಗಿ ತಾಳಲಾರದೆ ತಿರುಚಿಕೊಳ್ತವೆ. ನಾವು ಇಷ್ಟು ದಿನ ಪುಡೀನ ಶುದ್ಧ ಮಾಡೀ ಮಾಡೀ ಕೆಟ್ವಿ."

"ಅದು ಸರಿ ಸಾರ್. ಆದ್ರೆ ಬೀಗದ ಕೈ ಇರೋದು ನಮ್ಮಿಬ್ಬರ ಹತ್ರಾನೇ ಅಲ್ವಾ?"

ಮೇಷ್ಟ್ರು ಹಳದಿ ಹತ್ತಿದ ಬೆರಳುಗಳನ್ನು ಮೆಲ್ಲಗೆ ಜೇಬಿಗೆ ಸೇರಿಸಿದರು. "ಎರಡು ವರ್ಷ ಆಯ್ತಲ್ಲಮ್ಮ... ನನಗೂ ಆಸೆ ಇರಲ್ವಾ?"