ಲೋಟದ ಮೇಲಿನ ಹೆಬ್ಬೆಟ್ಟು

"ತಾತ, ಎಲ್ರಿಗಿಂತ ನಂದೇ ಚೆನ್ನಾಗಿ ಬಂದಿದೆ ಅಲ್ವಾ?"

ಬೆರಳು ತಾತ ಭೂತಗನ್ನಡಿಯನ್ನು ಲೋಟದ ಮೇಲೆ ಹಿಡಿದವರು ಹಿಡಿದೇ ಇದ್ದರು. ಚೂಟಿ ಕುರ್ಚಿಯ ಮೇಲೆ ಮಂಡಿಯೂರಿ ಅವರ ಮುಖವನ್ನೇ ನೋಡುತ್ತಿದ್ದಳು. ಹೆಸರಿಗೆ ತಕ್ಕ ಹುಡುಗಿ, ಒಂದು ಕ್ಷಣ ಸುಮ್ಮನಿರುವವಳಲ್ಲ.

ಪೊಲೀಸ್ ಠಾಣೆಯ ಹಿಂದಿನ ಹಾಲಿನಲ್ಲಿ ಬೇಸಿಗೆ ರಜೆಯ ಶಿಬಿರ ನಡೆದಿತ್ತು. ಸುತ್ತಲಿನ ಗಲ್ಲಿಗಳ ಮಕ್ಕಳಿಗೆ ಖಾಕಿಯ ಹೆದರಿಕೆ ಬಿಡಲಿ ಎಂದು ಇಲಾಖೆಯವರೇ ಹೂಡಿದ್ದು. ಬೆಳಿಗ್ಗೆ ಫುಟ್‌ಬಾಲ್, ಆಮೇಲೆ ಬೆರಳಚ್ಚಿನ ಪಾಠ. ಪಾಠಕ್ಕೆ ನಿವೃತ್ತ ಬೆರಳಚ್ಚು ತಜ್ಞರೊಬ್ಬರನ್ನು ಕರೆಸಿದ್ದರು. ಮೊದಲ ದಿನವೇ ಅವರು ಮಕ್ಕಳ ಬಾಯಲ್ಲಿ ಬೆರಳು ತಾತ ಆಗಿಬಿಟ್ಟರು. ಅವರಿಗೂ ಇದು ಬೇಕಿತ್ತು. ಮನೆಯಲ್ಲಿ ಮಾತಿಗೇ ಬರ. ಹೆಂಡತಿ ತಟ್ಟೆ ಕುಕ್ಕಿದರೆ ಊಟಕ್ಕೆ ಏಳಬೇಕೆಂದು ಅರ್ಥ. ಇಲ್ಲಿನ ಗಲಾಟೆ ಕೇಳಿದರೆ ಜೀವಕ್ಕೆ ತಂಪಾಗುತ್ತಿತ್ತು.

ಆ ದಿನದ ಹೋಮ್‌ವರ್ಕ್ ಸುಲಭದ್ದು. ಮನೆಯವರು ಮುಟ್ಟಿದ ಗಾಜಿನ ಲೋಟ ತರುವುದು, ಕರಿ ಪುಡಿ ಸವರಿ ಗುರುತು ಎಬ್ಬಿಸುವುದು.

ಚೂಟಿ ಎಬ್ಬಿಸಿದ ಗುರುತು ನಿಜಕ್ಕೂ ಸೊಗಸಾಗಿತ್ತು. ನಡುವಿನಲ್ಲಿ ಎರಡು ಗೆರೆಗಳು ಒಟ್ಟಿಗೇ ಕಡಿದು, ಎಳ್ಳುಕಾಳಿನಷ್ಟು ಜಾಗ ಖಾಲಿ ಬಿಟ್ಟು, ಮತ್ತೆ ಮುಂದುವರಿದಿದ್ದವು. ಆ ಖಾಲಿ ಜಾಗವನ್ನು ತಾತ ಹಿಂದೆ ಒಮ್ಮೆ ನೋಡಿದ್ದರು. "ಅದು ಧೂಳು, ಮಹಾಸ್ವಾಮಿ" ಎಂದು ಕೋರ್ಟಿನಲ್ಲಿ ಪ್ರಮಾಣ ಮಾಡಿ ಹೇಳಿದ್ದರು.

"ಯಾರದಮ್ಮಾ ಇದು?"

"ಅಪ್ಪಂದು! ಟೀ ಕುಡಿದು ಇಟ್ಟಿದ್ರು. ತೊಳೆಯೋಕೆ ಮುಂಚೆ ಎತ್ಕೊಂಡು ಓಡಿಬಂದೆ, ಕಳ್ಳರ ಥರ!"

ತಾತ ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟರು.

ಅದೊಂದು ಚಿನ್ನದಂಗಡಿಯ ಕಳ್ಳತನ. ಒಡೆದ ಗಾಜಿನ ಮೇಲೆ ಅರ್ಧ ಅಳಿಸಿದ ಒಂದೇ ಒಂದು ಹೆಬ್ಬೆಟ್ಟು. ಹಿಂದಿನ ಸಂಜೆ ಅಂಗಡಿಯ ಮುಂದೆ ಸುಳಿದಾಡಿದ್ದ ಯುವಕನೊಬ್ಬನನ್ನು ಹಿಡಿದಿದ್ದರು. ಗಾಜಿನ ಗುರುತಿನಲ್ಲಿದ್ದ ಆ ಖಾಲಿ ಜಾಗ ಅವನ ಬೆರಳಿನಲ್ಲಿ ಇರಲಿಲ್ಲ. ಈ ಕೇಸು ಬೇರೆಯವರು ನೋಡಲಿ ಎಂದು ಮೇಲಧಿಕಾರಿ ಹೇಳಿದರೂ ತಾತ ಒಪ್ಪಲಿಲ್ಲ. ಸಂಶಯವಿದ್ದರೆ ಹೊಂದಿಕೆಯಿಲ್ಲ ಎಂದು ಬರೆಯುವುದು ಅವರ ಪದ್ಧತಿ. ಆ ಒಂದು ಸಲ ಮಾತ್ರ ಬರೆಯಲಿಲ್ಲ. ಬೇಲಿಯೇ ಎದ್ದು ಹೊಲ ಮೇಯಿತು ಎಂದು ನಾಲ್ಕು ಜನ ಆಡಿಕೊಂಡಾರು ಎಂಬ ಭಯಕ್ಕೆ ಎರಡು ಪಟ್ಟು ಬಿಗಿಯಾದರು. "ಅವನದೇ" ಎಂದರು. ಯುವಕ ಕಟಕಟೆಯಿಂದ ಅವರನ್ನೇ ನೋಡುತ್ತಿದ್ದ. ಅವರು ತಲೆ ಎತ್ತಲಿಲ್ಲ. ಜೈಲಿನ ಮೊದಲ ಚಳಿಗಾಲದಲ್ಲೇ ಅವನು ಜ್ವರ ಬಂದು ತೀರಿಕೊಂಡ.

"ಏನ್ ಸಾರ್, ಕಳ್ಳ ಸಿಕ್ಕಿದ್ನಾ?" ಇನ್ಸ್‌ಪೆಕ್ಟರ್ ಬಾಗಿಲಲ್ಲಿ ನಗುತ್ತಾ ನಿಂತಿದ್ದರು. ವಯಸ್ಸಿನ್ನೂ ಚಿಕ್ಕದು, ತಾತನ ಮೇಲೆ ಭಕ್ತಿ. "ಟ್ರೈನಿಂಗಲ್ಲಿ ಇವತ್ತಿಗೂ ನಿಮ್ಮ ಆ ಕೇಸೇ ಹೇಳಿಕೊಡ್ತಾರೆ. ನಿಮ್ಮ ಜಾಗದಲ್ಲಿ ನಾನಿದ್ದಿದ್ರೆ ಕೈ ನಡುಗ್ತಿತ್ತು ಸಾರ್."

"ನಂದೂ ನಡುಗಬೇಕಿತ್ತಪ್ಪಾ," ಎಂದರು ತಾತ.

ದೊಡ್ಡವರ ವಿನಯ ಎಂದುಕೊಂಡು ಇನ್ಸ್‌ಪೆಕ್ಟರ್ ಕೈಮುಗಿದು ಹೋದರು. ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಸತ್ತವನ ಹೆಸರಿಗೆ ಮೆತ್ತಿದ ಮಸಿ ತೊಳೆದುಹೋಗುತ್ತಿತ್ತು. ಆ ಮಾತು ತಾತನ ನಾಲಿಗೆಯ ತುದಿಯಲ್ಲೇ ಇತ್ತು. ಕರೆಯಬೇಕು ಎಂದು ಅವರು ಎದ್ದು ನಿಂತರು.

ಅಷ್ಟರಲ್ಲಿ ಮಗಳನ್ನು ಕರೆದೊಯ್ಯಲು ಅಪ್ಪ ಬಂದ. ಸೈಕಲ್ ರಿಪೇರಿಯವನು, ಅಂಗಿಯ ತುಂಬ ಗ್ರೀಸು. ಹೊಸ್ತಿಲ ಬಳಿ ತಾತನ ಮುಖ ಕಂಡ, ಮೇಜಿನ ಮೇಲೆ ತನ್ನ ಮನೆಯ ಲೋಟ ಕಂಡ. ಅಲ್ಲೇ ನಿಂತುಬಿಟ್ಟ.

"ಅಪ್ಪಾ, ನೀನು ಸಿಕ್ಕಿಹಾಕ್ಕೊಂಡೆ!" ಚೂಟಿ ಕೂಗಿದಳು. ಮಕ್ಕಳೆಲ್ಲ ಹೋ ಎಂದು ನಕ್ಕರು.

ಅವನು ಹತ್ತಿರ ಬಂದು ದನಿ ತಗ್ಗಿಸಿದ. "ಅವತ್ತು ಕೋರ್ಟಲ್ಲಿ ಹಿಂದಿನ ಬೆಂಚಲ್ಲಿ ಕೂತಿದ್ದೆ ಸಾರ್. ಎದ್ದು ಹೇಳೋಣ ಅಂತಲೇ ಬಂದಿದ್ದೆ. ಬಾಯೇ ಬರಲಿಲ್ಲ." ಮಗಳ ಕಡೆ ನೋಡಿದ. "ಇವಳಿಗೆ ತಾಯಿ ಇಲ್ಲ ಸಾರ್. ನಾನೊಬ್ಬನೇ."

ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು ತಾತನಿಗೆ. ಆದರೆ ಚೂಟಿಯ ಕೈ ಕಣ್ಣಿಗೆ ಬಿತ್ತು. ಪುಟ್ಟ ಬೆರಳುಗಳಿಗೆಲ್ಲ ಕರಿ ಪುಡಿ. ಈ ಗುರುತು ಎಬ್ಬಿಸಿದ್ದು ಅವೇ ಬೆರಳು. ದೊಡ್ಡವಳಾದ ಮೇಲೆ ಒಂದು ದಿನ ಅವಳಿಗೆ ಅದು ಅರ್ಥವಾಗುತ್ತದೆ. ಆಮೇಲೆ ಅವಳು ಹೇಗೆ ನಿದ್ದೆ ಮಾಡಬೇಕು?

ತಾತ ಕರವಸ್ತ್ರ ತೆಗೆದು ಲೋಟವನ್ನು ಗಸಗಸ ಒರೆಸಿಬಿಟ್ಟರು.

"ಅಯ್ಯೋ ತಾತಾ! ನಂದು ಹೋಯ್ತು!"

"ನನಗೆ ಅರಳುಮರಳು ಕಣಮ್ಮಾ. ನಾಳೆ ನಿನ್ನ ಬೆರಳಿಂದೇ ತೆಗೆಯೋಣ, ಆಯ್ತಾ?"

ಚೂಟಿ ಗೊಳೋ ಎಂದು ಅತ್ತಳು. ಅಪ್ಪ ಅವಳನ್ನು ಎತ್ತಿಕೊಂಡು ತಾತನ ಕಾಲಿಗೆ ಬಗ್ಗಲು ಹೋದ. "ಹೋಗು, ನನ್ನ ಕಣ್ಣೆದುರು ನಿಲ್ಲಬೇಡ," ಎಂದರು ತಾತ. ಅವನು ಹೋದ.

ಮನೆಯಲ್ಲಿ ಹೆಂಡತಿ ನೆಲದ ಮೇಲೆ ಕೂತು ಬಟಾಣಿ ಸುಲಿಯುತ್ತಿದ್ದರು. ತಾತ ಚಪ್ಪಲಿ ಬಿಟ್ಟು ಅವರೆದುರು ಕುಸಿದು ಕೂತರು. ಹೇಳಲೇಬೇಕಿತ್ತು, ಹೇಳಿದರು.

"ಚಿನ್ನದಂಗಡಿಯ ಆ ಹೆಬ್ಬೆಟ್ಟು ಅವನದಲ್ಲ ಕಣೇ. ಇವತ್ತು ಗೊತ್ತಾಯ್ತು."

ಸುಲಿಯುತ್ತಿದ್ದ ಕೈ ನಿಂತಿತು. ಎಷ್ಟೋ ವರ್ಷಗಳ ನಂತರ ಆಕೆ ಗಂಡನ ಜೊತೆ ಮಾತಾಡಿದರು.

"ಹೆತ್ತವಳಿಗೆ ಅವತ್ತೇ ಗೊತ್ತಿತ್ತು ರೀ. ನಮ್ಮ ಮಗನ ಮುಖ ನೋಡಿದ್ರೆ ಸಾಕಿತ್ತು. ನೀವು ಬೆರಳು ನೋಡಿದ್ರಿ."