ಯಾರೂ ಕೊಡದ ಖೋ

ಖೋ-ಖೋ ಆಟದಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿದೆ...

ಬೆನ್ನಟ್ಟುವವರು ಬೆನ್ನಿಗೆ ಕೈ ತಾಗಿಸಿ "ಖೋ" ಅನ್ನುವವರೆಗೆ ಕೂತವರು ಏಳುವಂತಿಲ್ಲ. ಎದ್ದರೆ ಫೌಲ್.

ಗದಗಿನ ಕೋಚ್ ಕಸ್ತೂರಿ ತನ್ನ ಹುಡುಗಿಯರಿಗೆ ಮೊದಲ ದಿನ ಕಲಿಸುತ್ತಿದ್ದದ್ದು ಇದನ್ನೇ. "ಆಕಾಶ ಹರದು ಬಿದ್ರೂ ಸೈತ, ಖೋ ಇಲ್ಲದ ಏಳಬ್ಯಾಡ್ರಿ!"

ಅವಳ ತಂಡದಲ್ಲಿ ಇಂಚರಾ ಎಂಬ ಆಟಗಾರ್ತಿ ಇದ್ದಳು.

ಹುಟ್ಟಿದಾಗ ಮನೆಯವರು ಗಂಡು ಹೆಸರಿಟ್ಟಿದ್ದರು. ಈ ಹೆಸರು ಅವಳೇ ಇಟ್ಟುಕೊಂಡದ್ದು. ಹಗಲು ಬ್ಲೌಸ್ ಹೊಲಿಯುವುದು, ಸಂಜೆ ಮೈದಾನ... ಊರಲ್ಲಿ ನಗದೆ, ಅವಳನ್ನು ಈ ಹೆಸರು ಹಿಡಿದು ಕರೆಯುತ್ತಿದ್ದ ಜಾಗ ಅದೊಂದೇ.

ಅವಳ ಓಟ ನೋಡಿದಾಗಲೆಲ್ಲ ಕಸ್ತೂರಿಗೆ ಎರಡು ಅನ್ನಿಸುತ್ತಿತ್ತು.

ಎಂಥಾ ಓಟ ಇದು!

ಮತ್ತೊಂದು... ಎದುರಿನ ಹುಡುಗಿಯರಿಗೆ ಇದು ಸರಿಯೇ?

ಒಂದು ಸಲ ಪಂದ್ಯಾವಳಿಯ ಕಮಿಟಿಯವರನ್ನು ಕೇಳಿಬಿಡಬೇಕು ಎಂದುಕೊಳ್ಳುತ್ತಿದ್ದಳು. ಆದರೆ ಕೇಳಿದರೆ ಬೇಡ ಅಂದಾರು ಎಂಬ ಅಳುಕು. ಕೇಳದಿದ್ದರೆ ಕಪ್ ಬರುತ್ತಿತ್ತು.

"ಮುಂದ ನೋಡೂಣು" ಅಂತ ಬಿಟ್ಟಳು. ಇಂಚರಾ ಜೊತೆಗೂ ಆ ಮಾತು ಎತ್ತಲಿಲ್ಲ.

ಆ ವರ್ಷದ ಮಹಿಳೆಯರ ಫೈನಲ್... ಜಿಲ್ಲಾ ತಂಡಕ್ಕೆ ಆಯ್ಕೆ ಮಾಡುವವರೂ ಬಂದು ಕೂತಿದ್ದರು.

ಕಸ್ತೂರಿಯ ಎಂಟು ಹುಡುಗಿಯರು ಸಾಲಾಗಿ ಕೂತಿದ್ದರು. ಬೆನ್ನಟ್ಟುತ್ತಿದ್ದವಳು ಇಂಚರಾ. ಕಂಬದ ಹತ್ತಿರ ಡೈವ್ ಹೊಡೆದು ಎದುರು ತಂಡದ ಕ್ಯಾಪ್ಟನ್ನನ್ನೇ ಔಟ್ ಮಾಡಿದಳು.

ಆ ಕ್ಯಾಪ್ಟನ್ ಮಣ್ಣು ಕೊಡವಿಕೊಂಡು ಸೀದಾ ರೆಫ್ರಿ ಹತ್ತಿರ ಹೋದಳು.

"ಸರ, ನಾ ಜಗಳಕ್ಕ ಬಂದಿಲ್ರಿ. ಅವರ ಓಟದ ಮುಂದ ನಮ್ಮ ಓಟ ನಿಲ್ಲೂದಿಲ್ಲ. ಅವರು ಹೆಣ್ಮಕ್ಕಳ ಮ್ಯಾಚ್ ಆಡೂದು ನಿಯಮದಾಗ ಐತೋ ಇಲ್ಲೋ, ಅಷ್ಟ ಹೇಳ್ರಿ."

ಮಾತು ಬಾಯಿಂದ ಬಾಯಿಗೆ ಹರಡಿತು... ಗ್ಯಾಲರಿಯಿಂದ ಯಾರೋ ಕೂಗಿದರು.

"ಏ ಅಣ್ಣಾ! ಗಂಡಸರ ಮ್ಯಾಚ್ ನಾಳಿಗೈತಿ, ಇವತ್ತ್ಯಾಕ ಬಂದಿ?"

ನಗೆ. ಸೀಟಿ. ಆಮೇಲೆ ಅಂಗೈಗೆ ಅಂಗೈ ಬಡಿದು ಅಣಕಿಸುವ ಆ ಚಪ್ಪಾಳೆ... ಒಂದು ಮೂಲೆಯಲ್ಲಿ ಶುರುವಾಗಿ ಇಡೀ ಮೈದಾನ ತುಂಬಿತು.

ರೆಫ್ರಿ ಹಣೆ ಒರೆಸಿಕೊಂಡ. "ನಮ್ಮ ರೂಲ್ಸ್‌ನ್ಯಾಗ ಇದರ ಬಗ್ಗೆ ಏನೂ ಇಲ್ರಿ ಕಸ್ತೂರಕ್ಕ. ನೀವ ಹೇಳ್ರಿ, ಏನ್ ಮಾಡೂಣು?"

ಇಂಚರಾ ತಿರುಗಿ ಕಸ್ತೂರಿಯನ್ನು ನೋಡಿದಳು. ಒಂದೇ ಸಲ.

ಕಸ್ತೂರಿಯ ಕಣ್ಣು ಆಯ್ಕೆದಾರರ ಕಡೆ ಹೋಯಿತು... ಗ್ಯಾಲರಿಯ ಕಡೆ ಹೋಯಿತು... ಕೊನೆಗೆ ನೆಲ ಸೇರಿತು.

"ನೀವು ಹೆಂಗ ಅಂತೀರಿ ಹಂಗ, ಸರ..."

ರೆಫ್ರಿ ಏನಾದರೂ ಅನ್ನುವ ಮೊದಲೇ ಇಂಚರಾ ಹೊರಗೆ ನಡೆದಳು. ಹೋಗುವಾಗಲೂ ಸುಣ್ಣದ ಗೆರೆ ತುಳಿಯಲಿಲ್ಲ.

ಬದಲಿ ಆಟಗಾರ್ತಿ ಬಂದಳು. ಮ್ಯಾಚ್ ಮುಂದುವರಿಯಿತು. ಕಸ್ತೂರಿಯ ತಂಡವೇ ಗೆದ್ದಿತು.

ಕಪ್ ಹಿಡಿದು ಫೋಟೋಗೆ ನಿಂತಾಗ ಯಾರೂ ನಗಲಿಲ್ಲ...

ಆಗ ಓಡುತ್ತಾ ಬಂದವಳು ಸೋತ ತಂಡದ ಅದೇ ಕ್ಯಾಪ್ಟನ್. ಕಣ್ಣು ಕೆಂಪಾಗಿದ್ದವು.

"ಆ ಅಕ್ಕಾರು ಎಲ್ಲಿ ಹೋದ್ರಿ? ಮೈದಾನದ ಸುತ್ತೆಲ್ಲ ಹುಡುಕಿ ಬಂದೆ, ಸಿಗಲಿಲ್ಲ."

"ಯಾಕವಾ?" ಅಂದಳು ಕಸ್ತೂರಿ.

"ನನ್ನ ಪ್ರಶ್ನಿ ಈಗೂ ಹಂಗ ಐತ್ರಿ, ಅದನ್ನ ವಾಪಸ್ ತಗೊಳಂಗಿಲ್ಲ. ಆದ್ರ ನಾ ಕೇಳಿದ್ದು ನ್ಯಾಯ... ಅವರ ಮಾನ ತಗೀರಿ ಅಂದಿರಲಿಲ್ಲ ನಾನು." ಹುಡುಗಿ ಅತ್ತೇಬಿಟ್ಟಳು. "ನೀವರ ಅವರ ಮನಿ ತನಕ ಹೋಗಿ ಬರ್ರಿ, ಅಕ್ಕಾರ."

ಆಕ್ಷೇಪಣೆ ಎತ್ತಿದವಳೇ ಹುಡುಕಿಕೊಂಡು ಹೋಗಿದ್ದಳು. ಇಂಚರಾ ತನ್ನವಳು ಅಂದುಕೊಂಡಿದ್ದ ಕಸ್ತೂರಿ ಕಪ್ ಹಿಡಿದು ನಿಂತಿದ್ದಳು.

ಮರುದಿನ ಕಸ್ತೂರಿ ಟೈಲರ್ ಅಂಗಡಿಗೆ ಹೋದಳು.

ಇಂಚರಾ ಎದ್ದು ಸ್ಟೂಲ್ ಕೊಟ್ಟಳು. "ಕುಂದರ್ರಿ ಅಕ್ಕಾರ, ಚಾ ತರಸ್ತೇನಿ."

ಆಮೇಲೆ ತಂಡದ ಜರ್ಸಿ ತಂದು ಕೈಗಿಟ್ಟಳು. ಒಗೆದು, ಇಸ್ತ್ರಿ ಮಾಡಿ, ಡೈವ್‌ನಲ್ಲಿ ಹರಿದಿದ್ದ ಭುಜವನ್ನು ಗೊತ್ತಾಗದ ಹಾಗೆ ಹೊಲಿದಿದ್ದಳು.

"ನಾ ಕಮಿಟಿಯವರ ಕೂಡ ಮಾತಾಡ್ತೇನಿ, ಇಂಚರಾ..."

"ಈಗ ಬ್ಯಾಡ್ರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಕಸ್ತೂರಿಗೆ ಹಗುರಾಗುತ್ತಿತ್ತೇನೋ.

"ನಾ ಆಡೂದು ಸರಿ ಅಲ್ಲ ಅಂತ ನಿಮಗ ಅನಿಸಿದ್ರ, ಕರದು ಹೇಳಬೇಕಿತ್ರಿ. ನಾಕ್ ದಿನ ಅತ್ತು ಸುಮ್ಮಾಗ್ತಿದ್ದೆ. ನಿಮ್ಮ ಮಾತು ಎಂದರ ಮೀರೀನೇನ್ರಿ? ಆದ್ರ ಅವರು ಚಪ್ಪಾಳಿ ಬಡಿಯೂ ಮುಂದ... ನೀವು ನನ್ನ ಗುರ್ತಽ ಇಲ್ಲದವರ ಗತೆ ನಿಂತ್ರಿ."

ಚಹಾ ಬಂತು. ಇಬ್ಬರೂ ಕುಡಿಯಲಿಲ್ಲ.

ಇಂಚರಾ ಮತ್ತೆಂದೂ ಮೈದಾನಕ್ಕೆ ಬರಲಿಲ್ಲ...

ಪ್ರಾಕ್ಟೀಸ್ ಮತ್ತೆ ಶುರುವಾಯಿತು. ಒಂದು ಸಂಜೆ ತಂಡದ ಕಿರಿಯವಳು ಹಸೀನಾ, ಬೆನ್ನಿಗೆ ಕೈ ಬೀಳುವ ಮೊದಲೇ ಎದ್ದು ಓಡಿದಳು.

ಕಸ್ತೂರಿ ಸೀಟಿ ಊದಿದಳು. "ಏ ಹಸೀನಾ! ಖೋ ಇಲ್ಲದ ಯಾಕ ಎದ್ದಿ?"

ಹಸೀನಾ ನಿಂತಳು. ತಲೆ ಎತ್ತಲಿಲ್ಲ.

"ಆವತ್ತ ಏಳಬೇಕಿತ್ರಿ, ಅಕ್ಕಾರ... ಇಂಚರಕ್ಕ ಹೊರಗ ಹೋಗೂವಾಗ. ಎಂಟೂ ಮಂದಿ ನಿಮ್ಮ ಮುಖಾನಽ ನೋಡ್ಕೋಂತ ಕುಂತಿದ್ವಿ. ನೀವು ಖೋ ಕೊಡ್ತೀರಿ ಅಂತ..."

ಕಸ್ತೂರಿಯ ಕೈಯಿಂದ ಸೀಟಿ ಜಾರಿತು.

ಆ ಫೌಲ್ ಅವಳು ಕೊಡಲಿಲ್ಲ. ಮತ್ತೆ ಸೀಟಿ ಎತ್ತಿಕೊಳ್ಳಲೂ ಇಲ್ಲ. ಕತ್ತಲಾಗುವವರೆಗೆ ಹುಡುಗಿಯರು ಹಾಗೇ ಆಡಿದರು...

*

ಯಾವುದು ನ್ಯಾಯ ಎಂದು ತಿಳಿಯದಿರುವುದು ತಪ್ಪಲ್ಲ... ತಿಳಿಯುವವರೆಗೆ ಒಬ್ಬರನ್ನು ನಗೆಪಾಟಲಿಗೆ ಬಿಟ್ಟು ಸುಮ್ಮನಿರುವುದು ತಪ್ಪು.

ನಿಮ್ಮ ಪಕ್ಕದಿಂದ ಯಾರಾದರೂ ಹಾಗೆ ಎದ್ದು ಹೋದಾಗ... ನೀವು ಯಾರ ಖೋಗಾಗಿ ಕಾಯುತ್ತಾ ಕೂತಿದ್ದಿರಿ?