ಮಾಂಡಾ ಬರೆದ ಪತ್ರಗಳು

ಎರಡು ತಿಂಗಳಾದರೂ ಪತ್ರ ಬರದಿದ್ದಾಗ, ಮಾಂಡಾ ಬರಿಚೆವಿಚ್ ತೀರಿಕೊಂಡಿರಬೇಕು ಎಂದು ಸದಾನಂದರಿಗೆ ಅನಿಸಿತು. ಶನಿವಾರ ಬೆಳಿಗ್ಗೆಯೇ ಪೊಮೊನಾದಿಂದ ಕಾರು ಹತ್ತಿ, ಲಾಸ್ ಏಂಜಲೀಸಿನ ಬಂದರು ಸ್ಯಾನ್ ಪೆಡ್ರೋ ಕಡೆಗೆ ಹೊರಟರು.

ಉಡುಪಿಯ ಸದಾನಂದರು ಪೊಮೊನಾದಲ್ಲಿ ಇತಿಹಾಸದ ಮೇಷ್ಟ್ರು. ೧೮೪೮ರಲ್ಲಿ ಕ್ರೊಯೇಷಿಯಾದ ಜನ ದೊರೆಯ ಮುಂದಿಟ್ಟ ಮೂವತ್ತು ಬೇಡಿಕೆಗಳ ಬಗ್ಗೆ ಹನ್ನೊಂದು ವರ್ಷ ಕೂತು ಪುಸ್ತಕ ಬರೆದಿದ್ದರು. ರೈತರಿಗೆ ಜೀತದಿಂದ ಬಿಡುಗಡೆ, ಕಾನೂನಿನ ಮುಂದೆ ಎಲ್ಲರೂ ಸಮಾನ, ಶಾಲೆ ಕಚೇರಿಗಳಲ್ಲಿ ಜನರ ನುಡಿ. ಆ ಹನ್ನೊಂದು ವರ್ಷಗಳಲ್ಲೇ ಹೆಂಡತಿ ವನಜಾಕ್ಷಿ ಮಗಳು ಅಶ್ವಿತಾಳನ್ನು ಕರೆದುಕೊಂಡು ಸ್ಯಾನ್ ಡಿಯಾಗೊಗೆ ಹೋಗಿಬಿಟ್ಟಿದ್ದರು. ಮಗಳು ಬರೆದ ಎರಡು ಪತ್ರಗಳಿಗೆ ನಾಳೆ ಉತ್ತರಿಸೋಣ ಎನ್ನುತ್ತಲೇ ದಿನ ಕಳೆದವು. ಮೂರನೆಯದು ಬರಲಿಲ್ಲ.

೧೯೯೧ರಲ್ಲಿ ಕ್ರೊಯೇಷಿಯಾ ಸ್ವತಂತ್ರವಾಯಿತು. ಪುಸ್ತಕವೂ ಹೊರಬಂತು. ಯಾರೂ ಓದಲಿಲ್ಲ, ಮಾಂಡಾ ಒಬ್ಬರನ್ನು ಬಿಟ್ಟು. ತಾನು ಕ್ರೊಯೇಷಿಯಾದ ಮೀನುಗಾರನೊಬ್ಬನ ವಿಧವೆ ಎಂದು ಮೊದಲ ಪತ್ರದಲ್ಲಿತ್ತು. ಟೈಪ್ ಮಾಡಿದ ಅಕ್ಷರ, ಹರಿತವಾದ ಪ್ರಶ್ನೆಗಳು. ಸದಾನಂದರು ಅಂದೇ ಉತ್ತರ ಬರೆದು ಅಂಚೆಗೆ ಹಾಕುತ್ತಿದ್ದರು. ಮೂರು ವರ್ಷ ಹೀಗೇ ನಡೆಯಿತು. ಪತ್ರಗಳ ನಡುನಡುವೆ ಸದಾನಂದರ ಅಡುಗೆಯ, ರಕ್ತದೊತ್ತಡದ ವಿಚಾರಣೆಯೂ ಇರುತ್ತಿತ್ತು. ಹಾಗೆ ಕೇಳುವವರು ಅವರಿಗೆ ಬೇರೆ ಯಾರೂ ಇರಲಿಲ್ಲ.

ಕೊನೆಯ ಪತ್ರದಲ್ಲಿ ಮಾಂಡಾ, ನಿಮ್ಮ ಮನೆಯಲ್ಲಿ ನಿಮ್ಮ ನುಡಿ ಯಾರು ಆಡುತ್ತಾರೆ ಎಂದು ಕೇಳಿದ್ದರು. ಮಗಳೊಬ್ಬಳಿದ್ದಾಳೆ, ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವಳು, ಮಾತು ನಿಂತು ಬಹಳ ಕಾಲವಾಯಿತು, ಈಗ ಅವಳಿಲ್ಲದ್ದು ಕೊರತೆ ಅನಿಸುವುದಿಲ್ಲ ಎಂದು ಸದಾನಂದರು ಬರೆದರು. ಕೊನೆಯ ಮಾತು ಸುಳ್ಳು. ಪರಿಚಯವಿಲ್ಲದವರ ಮುಂದೆ ಬಿಗುಮಾನಕ್ಕೆ ಬರೆದದ್ದು.

ಸ್ಯಾನ್ ಪೆಡ್ರೋದಲ್ಲಿ, ಪತ್ರಗಳ ಮೇಲಿದ್ದ ವಿಳಾಸದ ಮನೆಯ ಬಾಗಿಲು ತೆರೆದ ಮುದುಕಿ ಚೌಕಟ್ಟು ತಡವಿಕೊಂಡು ನಿಂತರು. ಮಾಂಡಾ ಅವರೇ. ಸದಾನಂದರು ಪತ್ರಗಳ ಮಾತೆತ್ತಿದರು.

"ನನಗೆ ಕಣ್ಣು ಹೋಗಿ ಆರು ವರ್ಷ ಆಯ್ತು. ಬರೀತಿದ್ದದ್ದು ಮೇಲಿನ ರೂಮಲ್ಲಿ ಬಾಡಿಗೆಗಿದ್ದ ಕಾಲೇಜು ಹುಡುಗಿ. ನನ್ನ ಹೆಸರು ಹಾಕಿ ಬರೆಯೋಕೆ ನನ್ನ ಒಪ್ಪಿಗೆ ಕೇಳಿದ್ದಳು. ನಿಮ್ಮ ಕೊನೇ ಪತ್ರ ಬಂದ ವಾರ ರೂಮು ಖಾಲಿ ಮಾಡಿದಳು."

ಎಲ್ಲಿಗೆಂದು ಹೇಳಿರಲಿಲ್ಲ.

ಆ ಹುಡುಗಿಗೆ ಕ್ರೊಯೇಷಿಯಾದ ಮೇಲೆ ಅಷ್ಟೊಂದು ಆಸಕ್ತಿ ಯಾಕೆ ಎಂದು ಸದಾನಂದರು ಕೇಳಿದರು.

"ಆಸಕ್ತಿ ಏನೂ ಇರಲಿಲ್ಲ. ಅದರ ಬಗ್ಗೆ ಕೇಳಿದರೆ ಮಾತ್ರ ಅಪ್ಪ ಉತ್ತರ ಬರೀತಾರೆ ಅಂತಿದ್ದಳು."